ತೆರೆಯ ಮೇಲೆ ಸರಿ, ಫೈಲ್‌ನಲ್ಲಿ ತಪ್ಪು: ಪ್ಯಾರಾವ್ಯೂ ಚಿತ್ರಗಳ ದೋಷ ಪತ್ತೆ

ಸಿಮ್ಯುಲೇಶನ್ ಮುಗಿದಿದೆ, ಅದರ ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ತಂತ್ರಾಂಶ ಪ್ಯಾರಾವ್ಯೂವಿನ ಕಿಟಕಿಯಲ್ಲಿ ಹರಿವು ಅಚ್ಚುಕಟ್ಟಾಗಿ ಕಾಣುತ್ತಿದೆ. ಆದರೆ ‘ಸೇವ್ ಸ್ಕ್ರೀನ್‌ಶಾಟ್’ ಒತ್ತಿ ಪಡೆದ ಚಿತ್ರ ಕಪ್ಪಾಗಿದೆ, ಇಲ್ಲವೇ ಮಸುಕಾಗಿದೆ, ಇಲ್ಲವೇ ಬಣ್ಣಪಟ್ಟಿಯ ಅಂಕಿಗಳೇ ಮಾಯವಾಗಿವೆ. ಇಂಥ ಹೊತ್ತಿನಲ್ಲಿ ಬಹುತೇಕರು ಮೊದಲು ಮಾಡುವ ಕೆಲಸ ರೆಸಲ್ಯೂಶನ್ ಹೆಚ್ಚಿಸುವುದು. ಅದರಿಂದ ಕೆಲವೊಮ್ಮೆ ಗುಣವಾಗುತ್ತದೆ. ಹೆಚ್ಚಿನ ಸಲ ಅದೇ ದೋಷ ಇನ್ನಷ್ಟು ದೊಡ್ಡದಾಗಿ, ಸ್ಪಷ್ಟವಾಗಿ ಕಾಣುತ್ತದೆ.

ಸಿಮ್ಯುಲೇಶನ್‌ನ ಅಂಕಿಗಳು ಪುಟದ ಮೇಲಿನ ಚಿತ್ರವಾಗುವ ಮೊದಲು ನಾಲ್ಕು ಕೈ ದಾಟುತ್ತವೆ. ಮೊದಲನೆಯದು ದೃಶ್ಯ: ಯಾವ ಕಾಲಹಂತ, ಯಾವ ಚರ, ಬಣ್ಣದ ವ್ಯಾಪ್ತಿ ಎಲ್ಲಿಂದ ಎಲ್ಲಿಗೆ ಎಂಬುದು. ಎರಡನೆಯದು ರೆಂಡರಿಂಗ್: ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಬದಲಿ ತಂತ್ರಾಂಶ ಆ ದೃಶ್ಯವನ್ನು ಪಿಕ್ಸೆಲ್‌ಗಳಾಗಿ ಬಿಡಿಸುವುದು. ಮೂರನೆಯದು ಆ ಪಿಕ್ಸೆಲ್‌ಗಳನ್ನು ಪಿಎನ್‌ಜಿ, ಜೆಪಿಜಿ ಅಥವಾ ಪಿಡಿಎಫ್ ಆಗಿ ಬರೆಯುವುದು. ನಾಲ್ಕನೆಯದು ಆ ಫೈಲ್ ವರ್ಡ್‌ಗೋ ಲೇಟೆಕ್ಸ್‌ಗೋ ವಾಟ್ಸ್‌ಆ್ಯಪ್‌ಗೋ ಹೋಗುವುದು. ಯಾವ ಕೈಯಲ್ಲಿ ಕೆಟ್ಟಿತು ಎಂದು ತಿಳಿಯದೆ ಸೆಟ್ಟಿಂಗ್ ಮುಟ್ಟುವುದು ಕಾಲಹರಣ. ಕೆಳಗಿನ ಪರೀಕ್ಷೆಗಳೆಲ್ಲ ಅದೊಂದನ್ನು ತೀರ್ಮಾನಿಸುವುದಕ್ಕಾಗಿಯೇ ಇವೆ.

ಪರೀಕ್ಷೆಗೆ ಒಂದು ಚಿಕ್ಕ ಪ್ರಕರಣ

ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ ಓಪನ್‌ಫೋಮ್ ಕಲಿತವರೆಲ್ಲರೂ ಮೊದಲು ಓಡಿಸುವ ‘ಕ್ಯಾವಿಟಿ’ ಪಾಠವನ್ನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಬದಿ 0.1 ಮೀಟರ್ ಇರುವ ಚೌಕ ಪೆಟ್ಟಿಗೆ, ಅದರ ಮುಚ್ಚಳ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಜಾರುತ್ತದೆ, ರೆನಾಲ್ಡ್ಸ್ ಸಂಖ್ಯೆ 10. ಮೆಶ್, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಕೋಶಗಳಾಗಿ (ಸೆಲ್) ಕತ್ತರಿಸಿದ ಜಾಲ, 20 × 20, ಒಟ್ಟು 400 ಸೆಲ್. ಓಪನ್‌ಫೋಮ್‌ನ ಲೆಕ್ಕಗಾರ ‘ಐಕೋಫೋಮ್’ 0.005 ಸೆಕೆಂಡಿನ ಹೆಜ್ಜೆಯಲ್ಲಿ 0.5 ಸೆಕೆಂಡಿನವರೆಗೆ ಓಡಿ, ಪ್ರತಿ 0.1 ಸೆಕೆಂಡಿಗೆ ಒಮ್ಮೆ ಫಲಿತಾಂಶ ಬರೆಯುತ್ತದೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ನಿಮ್ಮ ದೊಡ್ಡ ಪ್ರಕರಣದ ಚಿತ್ರ ಕೆಟ್ಟರೆ, ಅದೇ ಯಂತ್ರದಲ್ಲಿ, ಅದೇ ಪ್ಯಾರಾವ್ಯೂನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಕ್ಯಾವಿಟಿಯ ಚಿತ್ರ ತೆಗೆಯಿರಿ. ಅದು ಸರಿ ಬಂದರೆ ಗ್ರಾಫಿಕ್ಸ್ ಡ್ರೈವರ್ ಮೇಲಾಗಲಿ ಫೈಲ್ ಬರೆಯುವ ಹಂತದ ಮೇಲಾಗಲಿ ಸಂಶಯ ಪಡುವ ಕಾರಣ ಬಹಳ ಕಡಿಮೆ. ದೋಷ ನಿಮ್ಮ ದೃಶ್ಯದಲ್ಲಿದೆ. ಕ್ಯಾವಿಟಿಯೂ ಕೆಟ್ಟರೆ ನಿಮ್ಮ ಸಿಮ್ಯುಲೇಶನ್ ನಿರಪರಾಧಿ.

ಮೊದಲು ಫೈಲನ್ನೇ ನೋಡಿ

ವರ್ಡ್‌ನ ಒಳಗಿರುವ ಚಿತ್ರವನ್ನು ನೋಡಿ ತೀರ್ಪು ಕೊಡಬೇಡಿ. ಪ್ಯಾರಾವ್ಯೂ ಬರೆದ ಮೂಲ ಫೈಲನ್ನು ಚಿತ್ರ ನೋಡುವ ಯಾವುದಾದರೂ ಸರಳ ತಂತ್ರಾಂಶದಲ್ಲಿ ತೆರೆದು, ಹಿಗ್ಗಿಸದೆ ಕುಗ್ಗಿಸದೆ ನೂರು ಪ್ರತಿಶತ ಗಾತ್ರದಲ್ಲಿ ನೋಡಿ. ಜೊತೆಗೆ ಫೈಲ್‌ನ ಗುಣಗಳಲ್ಲಿ ಅಗಲ ಎಷ್ಟು ಪಿಕ್ಸೆಲ್, ಎತ್ತರ ಎಷ್ಟು, ತೂಕ ಎಷ್ಟು ಕಿಲೋಬೈಟ್ ಎಂದು ಬರೆದಿಟ್ಟುಕೊಳ್ಳಿ.

ಮೂಲ ಫೈಲ್ ಸ್ಪಷ್ಟವಾಗಿದ್ದು ವರದಿಯಲ್ಲಿ ಮಾತ್ರ ಮಸುಕಾಗಿದ್ದರೆ ಪ್ಯಾರಾವ್ಯೂ ಮುಚ್ಚಿಬಿಡಿ, ಅದರದೇನೂ ತಪ್ಪಿಲ್ಲ. ವರ್ಡ್ ಉಳಿಸುವಾಗ ಚಿತ್ರಗಳನ್ನು ತಾನಾಗಿಯೇ ಕುಗ್ಗಿಸುತ್ತದೆ. ಅದರ ‘ಆಪ್ಷನ್ಸ್’ ಒಳಗೆ ‘ಅಡ್ವಾನ್ಸ್ಡ್’ ಭಾಗದಲ್ಲಿ ಚಿತ್ರದ ಗಾತ್ರ ಮತ್ತು ಗುಣಮಟ್ಟದ ಸಾಲುಗಳಿವೆ. ಅಲ್ಲಿ ಚಿತ್ರಗಳನ್ನು ಕುಗ್ಗಿಸಬೇಡ ಎಂಬ ಗುರುತು ಹಾಕಿ, ಆಮೇಲೆ ಚಿತ್ರವನ್ನು ಹೊಸದಾಗಿ ಸೇರಿಸಬೇಕು. ಈಗಾಗಲೇ ಕುಗ್ಗಿದ ಚಿತ್ರ ಆ ಗುರುತಿನಿಂದ ಮರಳಿ ಹಿಗ್ಗುವುದಿಲ್ಲ. ಮಾರ್ಗದರ್ಶಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗಲೂ ಇದೇ ಕಥೆ. ಫೋಟೋ ಆಗಿ ಕಳುಹಿಸಿದರೆ ಸೂಕ್ಷ್ಮ ಗೆರೆಗಳು ಹೋಗುತ್ತವೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಫೈಲ್ ಇದ್ದ ಹಾಗೇ ತಲಪುತ್ತದೆ. ‘ಗ್ರಾಫ್ ಓದಲಾಗುತ್ತಿಲ್ಲ, ಮತ್ತೆ ಮಾಡಿ’ ಎಂಬ ಉತ್ತರ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಅವರು ಯಾವ ಪ್ರತಿಯನ್ನು ನೋಡಿದರು ಎಂಬುದು.

ಫೈಲ್ ಸೊನ್ನೆ ಬೈಟ್ ಇದ್ದರೆ ಡಿಸ್ಕ್ ತುಂಬಿದೆಯೇ, ಸರ್ವರ್‌ನಲ್ಲಿ ನಿಮಗೆ ಕೊಟ್ಟ ಜಾಗದ ಮಿತಿ ಮುಗಿದಿದೆಯೇ ನೋಡಿ. ಫೈಲ್ ಹುಟ್ಟಲೇ ಇಲ್ಲವೆಂದರೆ ಹೆಸರು ಮತ್ತು ಫೋಲ್ಡರ್ ದಾರಿಯಲ್ಲಿ ಬರೀ ರೋಮನ್ ಅಕ್ಷರ ಮತ್ತು ಅಂಕಿಗಳನ್ನಿಟ್ಟು ಇನ್ನೊಮ್ಮೆ ಬರೆಯಿಸಿ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್ ವಿಂಡೋಸ್‌ನ ಹಳೆಯ ಆವೃತ್ತಿಗಳಿಗೆ ತೊಡಕಾಗುತ್ತಿತ್ತು, ಮತ್ತು ಫೋಲ್ಡರ್ ಹೆಸರಿನ ನಡುವಿನ ಖಾಲಿ ಜಾಗವನ್ನು ಓಪನ್‌ಫೋಮ್ ಸಹಿಸುವುದಿಲ್ಲ.

ಚಿತ್ರ ಪೂರ್ತಿ ಕಪ್ಪು

ಕಪ್ಪು ಚಿತ್ರ ಎರಡು ಬಗೆಯದು, ಎರಡಕ್ಕೂ ಔಷಧ ಬೇರೆ. ಹಿನ್ನೆಲೆ ಮಾತ್ರ ಕಪ್ಪಾಗಿ, ನಡುವೆ ಮಾದರಿ ಸರಿಯಾಗಿ ಕಾಣುತ್ತಿದ್ದರೆ ಅದು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ. ಪಾರದರ್ಶಕತೆಯನ್ನು ಕೆಲವು ವೀಕ್ಷಕ ತಂತ್ರಾಂಶಗಳು ಕಪ್ಪಾಗಿ ತೋರಿಸುತ್ತವೆ. ಅದೇ ಫೈಲನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ ಖಚಿತ ಮಾಡಿಕೊಳ್ಳಿ. ಇಡೀ ಚಿತ್ರವೇ ಮಸಿಯಾಗಿದ್ದರೆ ರೆಂಡರಿಂಗ್ ಕೈಕೊಟ್ಟಿದೆ.

ಆಗ ‘ಹೆಲ್ಪ್’ ಪಟ್ಟಿಯ ‘ಅಬೌಟ್’ ತೆರೆಯಿರಿ. ಓಪನ್‌ಜಿಎಲ್ (ತಂತ್ರಾಂಶಗಳು ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ಭಾಷೆ) ತಯಾರಕರು, ರೆಂಡರರ್, ಆವೃತ್ತಿ ಎಂಬ ಸಾಲುಗಳು ಅಲ್ಲಿವೆ. ಪ್ಯಾರಾವ್ಯೂಗೆ ಕನಿಷ್ಠ ಓಪನ್‌ಜಿಎಲ್ 3.2 ಬೇಕು. ಎನ್‌ವಿಡಿಯಾ ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲೂ ರೆಂಡರರ್ ಜಾಗದಲ್ಲಿ ಇಂಟೆಲ್ ಹೆಸರಿದ್ದರೆ, ಪ್ಯಾರಾವ್ಯೂ ಎರಡು ಕಾರ್ಡ್‌ಗಳಲ್ಲಿ ಚಿಕ್ಕದನ್ನು ಹಿಡಿದಿದೆ ಎಂದರ್ಥ. ರಿಮೋಟ್ ಡೆಸ್ಕ್‌ಟಾಪ್ ಮೂಲಕ ವಿಂಡೋಸ್ ಯಂತ್ರಕ್ಕೆ ಹೋಗಿದ್ದಾಗ ‘ಜಿಡಿಐ ಜೆನೆರಿಕ್’ ಎಂದು ಕಂಡರೆ ಅದು ಓಪನ್‌ಜಿಎಲ್ 1.1ರ ಕಾಲದ್ದು, ಅದರಿಂದ ಏನನ್ನೂ ನಿರೀಕ್ಷಿಸಬೇಡಿ.

ಪ್ಯಾರಾವ್ಯೂ ತಯಾರಿಸುವ ಕಿಟ್‌ವೇರ್ ಕಂಪನಿ ಸಿದ್ಧಪಡಿಸಿ ಕೊಡುವ ಲಿನಕ್ಸ್ ಪ್ಯಾಕೇಜ್‌ನಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಪ್ಯಾರಾವ್ಯೂ ಆರಂಭಿಸುವ ಆಜ್ಞೆಯ ನಂತರ ಎರಡು ಅಡ್ಡಗೆರೆ ಹಾಕಿ ‘ಮೆಸಾ’ ಎಂದು ರೋಮನ್ ಲಿಪಿಯಲ್ಲಿ ಸೇರಿಸಿದರೆ ಗ್ರಾಫಿಕ್ಸ್ ಕಾರ್ಡನ್ನು ಬದಿಗಿಟ್ಟು ಪ್ರೊಸೆಸರ್‌ನಲ್ಲೇ ಚಿತ್ರ ಬಿಡಿಸುತ್ತದೆ. ನಿಧಾನ, ಆದರೆ ಡ್ರೈವರ್‌ನ ಹಂಗಿಲ್ಲ. ಇದರಲ್ಲಿ ಚಿತ್ರ ಸರಿ ಬಂದರೆ ಅಪರಾಧಿ ಡ್ರೈವರ್ ಎಂದು ಸಾಬೀತಾದಂತೆ. ನಾಳೆ ಬೆಳಿಗ್ಗೆ ಸಲ್ಲಿಸಬೇಕಾದ ಚಿತ್ರವಿದ್ದರೆ ಇವತ್ತು ರಾತ್ರಿ ಡ್ರೈವರ್ ಬದಲಿಸಲು ಹೋಗಬೇಡಿ, ಮೆಸಾದಲ್ಲೇ ಮುಗಿಸಿ.

ಚಿತ್ರದ ನಡುವೆ ಬೇರೆ ಕಿಟಕಿಯ ತುಂಡು ಬಂದು ಕೂತಿದ್ದರೆ ಅದು ತೀರ ಹಳೆಯ ಆವೃತ್ತಿಗಳ ರೋಗ. ಅವು ತೆರೆಯ ಮೇಲಿದ್ದ ಪಿಕ್ಸೆಲ್‌ಗಳನ್ನೇ ಎತ್ತಿಕೊಳ್ಳುತ್ತಿದ್ದವು. ಆವೃತ್ತಿ ಏರಿಸಿ.

ಮಾನಿಟರ್ ಇಲ್ಲದ ಯಂತ್ರದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್ ಆಗಲಿ, ಕಾಲೇಜಿನ ಮೂಲೆಯಲ್ಲಿರುವ ನಾಲ್ಕು ಪೆಟ್ಟಿಗೆಗಳ ಕ್ಲಸ್ಟರ್ ಆಗಲಿ, ಲೆಕ್ಕ ಮಾಡುವ ನೋಡ್‌ಗಳಿಗೆ (ಒಳಗಿನ ಒಂದೊಂದು ಕಂಪ್ಯೂಟರ್‌ಗೆ) ಮಾನಿಟರ್ ಇರುವುದಿಲ್ಲ. ಅಲ್ಲಿ ಪ್ಯಾರಾವ್ಯೂ ಸ್ಕ್ರಿಪ್ಟ್ ಓಡಿಸಿದಾಗ ತೆರೆಯನ್ನು ನಿಭಾಯಿಸುವ ಎಕ್ಸ್ ಸರ್ವರ್‌ನ ಸಂಪರ್ಕ ಕೆಟ್ಟಿದೆ ಎಂಬ ದೂರಿನೊಂದಿಗೆ ಸಾಲು ಸಾಲಾಗಿ ದೋಷ ಸಂದೇಶಗಳು ಬರುತ್ತವೆ. ಅದರ ಅರ್ಥ ಇಷ್ಟೇ: ಪ್ಯಾರಾವ್ಯೂ ಕಿಟಕಿ ತೆರೆಯಲು ಒಂದು ತೆರೆಯನ್ನು ಹುಡುಕಿತು, ‘ಡಿಸ್‌ಪ್ಲೇ’ ಎಂಬ ಪರಿಸರ ಚರ ಖಾಲಿಯಿತ್ತು.

ಇದಕ್ಕೆ, ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಎಕ್ಸ್ ಫಾರ್ವರ್ಡಿಂಗ್ (ಅಲ್ಲಿನ ಕಿಟಕಿಯನ್ನು ನಿಮ್ಮ ತೆರೆಗೆ ತರುವ ಸೌಲಭ್ಯ) ಆನ್ ಮಾಡಿಕೊಳ್ಳುವುದು ಎಲ್ಲರಿಗೂ ಹೊಳೆಯುವ ಉಪಾಯ, ಮತ್ತು ಕೆಟ್ಟ ಉಪಾಯ. ಆ ದಾರಿಯಲ್ಲಿ ಹಳೆಯ ಮಟ್ಟದ ಓಪನ್‌ಜಿಎಲ್ ಮಾತ್ರ ಹಾಯುವುದರಿಂದ ಪ್ಯಾರಾವ್ಯೂ ಕುಸಿಯುತ್ತದೆ ಅಥವಾ ಆಮೆಯಂತೆ ತೆವಳುತ್ತದೆ. ಒಂದು ವೇಳೆ ಓಡಿದರೂ, ನೀವು ಲಾಗ್‌ಔಟ್ ಆದ ಮೇಲೆ ಸರದಿ ಬರುವ ಜಾಬ್‌ಗೆ ಆ ತೆರೆ ಇರುವುದಿಲ್ಲ. ಹಗಲು ಕೂತು ಓಡಿಸಿದಾಗ ಸರಿಯಿದ್ದ ಸ್ಕ್ರಿಪ್ಟ್ ರಾತ್ರಿ ಮಾತ್ರ ಸಾಯುತ್ತದೆ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಸರಿಯಾದ ದಾರಿ ತೆರೆಯೇ ಬೇಡದ ರೆಂಡರಿಂಗ್. ಪ್ರೊಸೆಸರ್ ಮಾತ್ರ ಇರುವ ನೋಡ್‌ಗೆ ಓಎಸ್‌ಮೆಸಾ ಜೊತೆ ಕಟ್ಟಿದ ಪ್ಯಾರಾವ್ಯೂ, ಗ್ರಾಫಿಕ್ಸ್ ಕಾರ್ಡ್ ಇರುವ ನೋಡ್‌ಗೆ ಇಜಿಎಲ್ ಜೊತೆ ಕಟ್ಟಿದ್ದು. ಎರಡೂ ಸಿದ್ಧ ಪ್ಯಾಕೇಜ್ ಆಗಿ ಸಿಗುತ್ತಾ ಬಂದಿವೆ. ಹೊಸದಾಗಿ ಏನನ್ನೂ ಸ್ಥಾಪಿಸುವ ಅಧಿಕಾರ ನಿಮಗಿಲ್ಲದಿದ್ದರೆ, ಆ ಯಂತ್ರದಲ್ಲಿ ‘ಎಕ್ಸ್‌ವಿಎಫ್‌ಬಿ’ ಎಂಬ ಹುಸಿ ತೆರೆ ಇದೆಯೇ ನೋಡಿ, ಅದರೊಳಗೆ ಓಡಿಸಬಹುದು.

ಸ್ಕ್ರಿಪ್ಟ್ ಓಡಿ ಚಿತ್ರವೂ ಬಂದು, ಅದರಲ್ಲಿ ಮಾದರಿಯೇ ಇಲ್ಲದಿದ್ದರೆ ಅದು ಗ್ರಾಫಿಕ್ಸ್ ತೊಂದರೆಯಲ್ಲ. ಕ್ಯಾಮೆರಾ ಬೇರೆಡೆ ನೋಡುತ್ತಿದೆ, ಇಲ್ಲವೇ ಸ್ಕ್ರಿಪ್ಟ್ ಕಾಲವನ್ನು ಮುಂದೆ ಸರಿಸದೆ ಮೊದಲ ಹಂತದಲ್ಲೇ ಚಿತ್ರ ತೆಗೆದಿದೆ. ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ‘ಟೂಲ್ಸ್’ ಪಟ್ಟಿಯ ‘ಸ್ಟಾರ್ಟ್ ಟ್ರೇಸ್’ ಒತ್ತಿ, ಮೌಸ್‌ನಿಂದ ಎಲ್ಲ ಕೆಲಸ ಮಾಡಿ ನಿಲ್ಲಿಸಿ. ಪ್ಯಾರಾವ್ಯೂ ನೀವು ಮಾಡಿದ್ದನ್ನೆಲ್ಲ ಪೈಥಾನ್‌ನಲ್ಲಿ ಬರೆದುಕೊಡುತ್ತದೆ. ಕ್ಯಾಮೆರಾದ ಸ್ಥಾನ, ಕಾಲಹಂತ, ಚಿತ್ರದ ಅಳತೆ ಎಲ್ಲವೂ ಅಂಕಿಗಳಾಗಿ ಸಿಗುತ್ತವೆ. ಅದನ್ನು ನಿಮ್ಮ ಸ್ಕ್ರಿಪ್ಟ್ ಪಕ್ಕದಲ್ಲಿಟ್ಟು ಹೋಲಿಸಿದರೆ ಬಿಟ್ಟುಹೋದ ಸಾಲು ತಾನಾಗಿ ಕಾಣುತ್ತದೆ.

ಇಡೀ ಚಿತ್ರಕ್ಕೆ ಒಂದೇ ಬಣ್ಣ

ಕ್ಯಾವಿಟಿಯನ್ನು ತೆರೆದು ‘ಅಪ್ಲೈ’ ಒತ್ತಿದ ತಕ್ಷಣ ಚಿತ್ರ ತೆಗೆದರೆ ಇಡೀ ಚೌಕಕ್ಕೆ ಒಂದೇ ಬಣ್ಣ ಬರಬಹುದು. ಅದು ದೋಷವಲ್ಲ, ಸತ್ಯ. ಪ್ಯಾರಾವ್ಯೂ ನಿಂತಿರುವುದು ಕಾಲ ಸೊನ್ನೆಯಲ್ಲಿ, ಅಲ್ಲಿ ಪೆಟ್ಟಿಗೆಯೊಳಗಿನ ವೇಗವೂ ಒತ್ತಡವೂ ಎಲ್ಲ ಕಡೆ ಸೊನ್ನೆ. ಕೊನೆಯ ಕಾಲಹಂತಕ್ಕೆ ಹೋಗುವ ಬಾಣದ ಗುಂಡಿ ಒತ್ತಿ.

ಹೋದ ಮೇಲೂ ಬಣ್ಣ ಸರಿಯಾಗದೆ ಇರಬಹುದು, ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಬಣ್ಣದ ವ್ಯಾಪ್ತಿ ‘ಅಪ್ಲೈ’ ಒತ್ತಿದಾಗ ಮಾತ್ರ ಹಿಗ್ಗುವಂತೆ ಇದ್ದರೆ, ಕಾಲ ಸೊನ್ನೆಯ ವ್ಯಾಪ್ತಿಯೇ ಮುಂದಿನ ಹಂತಗಳಿಗೂ ಅಂಟಿಕೊಂಡಿರುತ್ತದೆ. ವೇಗವನ್ನು ನೋಡುತ್ತಿದ್ದರೆ ಇಡೀ ಚೌಕ ಪಟ್ಟಿಯ ಮೇಲ್ತುದಿಯ ಬಣ್ಣಕ್ಕೆ ತಿರುಗುತ್ತದೆ. ಒತ್ತಡವಾದರೆ ಧನ ಒಂದು ಬಣ್ಣ, ಋಣ ಇನ್ನೊಂದು ಬಣ್ಣ, ನಡುವೆ ಏನೂ ಇಲ್ಲ. ಎಲ್ಲ ಕಾಲಹಂತಗಳ ಮೇಲೆ ವ್ಯಾಪ್ತಿಯನ್ನು ಹೊಂದಿಸುವ ಗುಂಡಿಯೊಂದು ಬಣ್ಣದ ಸಲಕರಣೆ ಪಟ್ಟಿಯಲ್ಲೇ ಇದೆ. ಚಿತ್ರಗಳ ಸರಣಿ ಅಥವಾ ವಿಡಿಯೋ ಮಾಡುವವರು ಅದನ್ನು ಒತ್ತಿದ ಮೇಲೆ ವ್ಯಾಪ್ತಿಯನ್ನು ಬದಲಾಗದಂತೆ ನಿಲ್ಲಿಸಿಬಿಡಬೇಕು. ಪ್ರತಿ ಹಂತಕ್ಕೂ ವ್ಯಾಪ್ತಿ ಬದಲಾದರೆ 0.1 ಸೆಕೆಂಡಿನ ಕೆಂಪೂ 0.5 ಸೆಕೆಂಡಿನ ಕೆಂಪೂ ಬೇರೆ ಬೇರೆ ಮೌಲ್ಯಗಳಾಗಿ, ನೋಡುವವರು ಮೋಸ ಹೋಗುತ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಐಕೋಫೋಮ್ ಕೊಡುವ ಒತ್ತಡ ಸಾಂದ್ರತೆಯಿಂದ ಭಾಗಿಸಿದ್ದು, ಅದರ ಮಾನ ಚದರ ಮೀಟರ್ ಪ್ರತಿ ಚದರ ಸೆಕೆಂಡ್. ಬಣ್ಣಪಟ್ಟಿಯ ಮೇಲೆ ಕಣ್ಣುಮುಚ್ಚಿ ‘ಪಾಸ್ಕಲ್’ ಎಂದು ಬರೆದ ಚಿತ್ರಗಳು ಪ್ರಬಂಧಗಳಲ್ಲಿ ಬೇಕಾದಷ್ಟಿವೆ. ರೆಸಲ್ಯೂಶನ್ ಎಷ್ಟಿದ್ದರೂ ಆ ತಪ್ಪು ತಪ್ಪೇ.

ಮೂರು ಬಗೆಯ ಚೌಕಗಳು

‘ಚಿತ್ರ ಚೌಕ ಚೌಕವಾಗಿ ಒಡೆದುಕೊಂಡಿದೆ’ ಎಂಬುದು ಅತಿ ಸಾಮಾನ್ಯ ದೂರು. ಚೌಕಗಳಲ್ಲಿ ಮೂರು ಜಾತಿಯಿವೆ, ಅವನ್ನು ಬೇರ್ಪಡಿಸುವುದೇ ಇಲ್ಲಿ ನಿಜವಾದ ಕೆಲಸ.

ಮೊದಲನೆಯದು ಮೆಶ್‌ನ ಚೌಕ. ಕ್ಯಾವಿಟಿ ಚಿತ್ರದಲ್ಲಿ 1000 ಪಿಕ್ಸೆಲ್ ಎತ್ತರ ತುಂಬಿದ್ದರೆ, 20 ಸೆಲ್‌ಗಳಲ್ಲಿ ಒಂದೊಂದೂ 50 ಪಿಕ್ಸೆಲ್ ಅಗಲದ ಒಂದೇ ಬಣ್ಣದ ತೇಪೆಯಾಗಿ ಕಾಣುತ್ತದೆ. ಸಿಮ್ಯುಲೇಶನ್‌ಗೆ ಗೊತ್ತಿರುವುದೇ ಪ್ರತಿ ಸೆಲ್‌ಗೆ ಒಂದು ಅಂಕಿ, ಪ್ಯಾರಾವ್ಯೂ ಅದನ್ನು ಪ್ರಾಮಾಣಿಕವಾಗಿ ತೋರಿಸುತ್ತಿದೆ. ಚರವನ್ನು ಆರಿಸುವ ಪಟ್ಟಿಯಲ್ಲಿ ವೇಗದ ಹೆಸರು ಎರಡು ಸಲ ಬರುವುದನ್ನು ಗಮನಿಸಿ: ಒಂದರ ಪಕ್ಕ ಪುಟ್ಟ ಘನದ ಗುರುತು, ಇನ್ನೊಂದರ ಪಕ್ಕ ಚುಕ್ಕೆ. ಘನದ್ದು ಸೆಲ್ ಮೌಲ್ಯ, ಚುಕ್ಕೆಯದ್ದು ಮೂಲೆಬಿಂದುಗಳಿಗೆ ಹರಡಿದ ಮೌಲ್ಯ. ಚುಕ್ಕೆಯದ್ದನ್ನು ಆರಿಸಿದರೆ ಬಣ್ಣ ನಯವಾಗಿ ಹರಿಯುತ್ತದೆ. ಹಾಗೆ ಮಾಡುವುದು ಸರಿಯೇ ಎಂಬುದು ಬೇರೆ ಚರ್ಚೆ. ನನ್ನನ್ನು ಕೇಳಿದರೆ, ಮೆಶ್ ಸಾಕೇ ಸಾಲದೇ ಎಂದು ಚರ್ಚಿಸುವ ಪುಟದಲ್ಲಿ ಸೆಲ್ ಮೌಲ್ಯವನ್ನೇ ತೋರಿಸಬೇಕು. ನುಣುಪಾದ ಬಣ್ಣದ ಕೆಳಗೆ ಒರಟು ಮೆಶ್ ಬಚ್ಚಿಟ್ಟರೆ ಪರೀಕ್ಷಕರಿಗೆ ಮೆಶ್ ಕಾಣುವುದಿಲ್ಲ, ಕೇಳಬೇಕಾದ ಪ್ರಶ್ನೆಯೂ ಹೊಳೆಯುವುದಿಲ್ಲ.

ಎರಡನೆಯದು ಜೆಪಿಜಿಯ ಚೌಕ. ಜೆಪಿಜಿ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ಹಿಂಡುತ್ತದೆ. ಬಣ್ಣಪಟ್ಟಿಯ ಅಂಕಿಗಳ ಸುತ್ತ, ಮೆಶ್ ಗೆರೆಗಳ ಅಕ್ಕಪಕ್ಕ ಸೊಳ್ಳೆ ಮುತ್ತಿದ ಹಾಗೆ ಕೊಳೆ ಕಾಣುತ್ತದೆ. ಫೋಟೋಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಚೂಪಾದ ಅಂಚುಗಳೇ ತುಂಬಿರುವ ಗ್ರಾಫ್‌ನಲ್ಲಿ ಎದ್ದು ಕಾಣುತ್ತದೆ. ಮದ್ದು ಒಂದೇ: ದೃಶ್ಯದಿಂದ ಹೊಸದಾಗಿ ಪಿಎನ್‌ಜಿ ತೆಗೆಯುವುದು. ಈಗಿರುವ ಜೆಪಿಜಿಯನ್ನು ಪಿಎನ್‌ಜಿಗೆ ಪರಿವರ್ತಿಸಿದರೆ ಕೊಳೆಯೂ ಭದ್ರವಾಗಿ ಜೊತೆಗೆ ಬರುತ್ತದೆ. ಪಿಎನ್‌ಜಿಯಲ್ಲಿ ಕೇಳುವ ಹಿಂಡುವಿಕೆಯ (ಕಂಪ್ರೆಶನ್) ಮಟ್ಟ ಫೈಲ್‌ನ ತೂಕಕ್ಕೆ ಸಂಬಂಧಿಸಿದ್ದು, ಗುಣಮಟ್ಟಕ್ಕಲ್ಲ. ಎಷ್ಟಿಟ್ಟರೂ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ.

ಮೂರನೆಯದು ನಿಜವಾಗಿ ಪಿಕ್ಸೆಲ್ ಕೊರತೆ.

ಮೂರನ್ನೂ ಬೇರ್ಪಡಿಸಲು ಅದೇ ದೃಶ್ಯವನ್ನು ಎರಡು ಪಟ್ಟು ಅಗಲ, ಎರಡು ಪಟ್ಟು ಎತ್ತರದಲ್ಲಿ ಇನ್ನೊಮ್ಮೆ ಉಳಿಸಿ, ಎರಡನ್ನೂ ಒಂದೇ ಗಾತ್ರಕ್ಕೆ ಹಿಗ್ಗಿಸಿ ಪಕ್ಕಪಕ್ಕ ಇಡಿ. ಚೌಕಗಳ ಎಣಿಕೆ ಹಾಗೆಯೇ ಉಳಿದು ಅಂಚುಗಳು ಮಾತ್ರ ಚೂಪಾದರೆ ಅದು ಮೆಶ್. ಚೌಕಗಳು ಚಿಕ್ಕದಾದರೂ ಅಕ್ಷರಗಳ ಸುತ್ತಲಿನ ಕೊಳೆ ಉಳಿದರೆ ಜೆಪಿಜಿ. ಎಲ್ಲವೂ ಶುಭ್ರವಾದರೆ ನಿಮಗೆ ಬೇಕಾಗಿದ್ದದ್ದು ಪಿಕ್ಸೆಲ್ ಮಾತ್ರ.

ಎಷ್ಟು ಪಿಕ್ಸೆಲ್ ಎಂಬುದಕ್ಕೆ ಲೆಕ್ಕವಿದೆ. ಪತ್ರಿಕೆಯ ಒಂದು ಕಾಲಂ 8 ಸೆಂಟಿಮೀಟರ್ ಅಗಲವಿದ್ದು ಇಂಚಿಗೆ 300 ಚುಕ್ಕೆ ಕೇಳಿದ್ದರೆ, 8 ಅನ್ನು 2.54ರಿಂದ ಭಾಗಿಸಿ 300ರಿಂದ ಗುಣಿಸಿ: 945 ಪಿಕ್ಸೆಲ್. ಎರಡು ಕಾಲಂ ತುಂಬುವ 16 ಸೆಂಟಿಮೀಟರ್‌ಗೆ 1890. ಫೈಲ್ ಗುಣಗಳಲ್ಲಿ ಕಾಣುವ ‘ಡಿಪಿಐ’ ಬರೀ ಒಂದು ಚೀಟಿ. ಫೋಟೋ ತಂತ್ರಾಂಶದಲ್ಲಿ 72 ಅಳಿಸಿ 300 ಎಂದು ಬರೆದರೆ ಪಿಕ್ಸೆಲ್ ಹುಟ್ಟುವುದಿಲ್ಲ. ಪತ್ರಿಕೆಯ ತಪಾಸಣಾ ಯಂತ್ರ ಆ ಚೀಟಿಯನ್ನು ನೋಡಿ ತಿರಸ್ಕರಿಸಿದ್ದರೆ ಮಾತ್ರ, ಮತ್ತು ಪಿಕ್ಸೆಲ್ ಲೆಕ್ಕ ಸರಿಯಿದ್ದರೆ ಮಾತ್ರ, ಚೀಟಿ ಬದಲಿಸುವುದು ನ್ಯಾಯ.

ಬಣ್ಣಪಟ್ಟಿ ಮಾಯ, ಅಕ್ಷರ ಇರುವೆ ಗಾತ್ರ

ಪ್ಯಾರಾವ್ಯೂವಿನ ಪರಿಚಿತ ಬೂದುನೀಲಿ ಹಿನ್ನೆಲೆಯ ಮೇಲೆ ಅಕ್ಷರಗಳು ಬಿಳಿ. ಅದೇ ದೃಶ್ಯವನ್ನು ಪಾರದರ್ಶಕ ಹಿನ್ನೆಲೆಯಲ್ಲಿ ಉಳಿಸಿ ಬಿಳಿ ಹಾಳೆಯ ಮೇಲಿಟ್ಟರೆ ಅಂಕಿಗಳು ಅಲ್ಲೇ ಇರುತ್ತವೆ, ಬಿಳಿಯ ಮೇಲೆ ಬಿಳಿಯಾಗಿ. ಉಳಿಸುವ ಸಂವಾದ ಪೆಟ್ಟಿಗೆಯಲ್ಲಿ ಬಣ್ಣದ ಪ್ಯಾಲೆಟ್ ಬದಲಿಸುವ ಸಾಲಿದೆ. ಅಲ್ಲಿ ಬಿಳಿ ಹಿನ್ನೆಲೆಯ ಪ್ಯಾಲೆಟ್ ಆರಿಸಿದರೆ ಆ ಒಂದು ಚಿತ್ರದ ಮಟ್ಟಿಗೆ ಅಕ್ಷರಗಳು ಕಪ್ಪಾಗುತ್ತವೆ. ಆರಿಸಿದರೂ ಬದಲಾಗದಿದ್ದರೆ, ಹಿಂದೆ ಯಾವಾಗಲೋ ಆ ಅಕ್ಷರಗಳ ಬಣ್ಣವನ್ನು ಯಾರೋ ಕೈಯಿಂದ ನಿಗದಿ ಮಾಡಿದ್ದಾರೆ. ಹಾಗೆ ಮಾಡಿದ ಕ್ಷಣ ಪ್ಯಾಲೆಟ್ ಜೊತೆಗಿನ ಕೊಂಡಿ ಕಳಚುತ್ತದೆ. ಬಣ್ಣಪಟ್ಟಿಯ ಗುಣಗಳಿಗೆ ಹೋಗಿ ಬಣ್ಣವನ್ನು ಮತ್ತೆ ಪ್ಯಾಲೆಟ್‌ಗೆ ಜೋಡಿಸಿ.

ದೊಡ್ಡ ರೆಸಲ್ಯೂಶನ್‌ನಲ್ಲಿ ಅಕ್ಷರಗಳು ಕುಗ್ಗಿದರೆ ಅದೇ ಪೆಟ್ಟಿಗೆಯ ಫಾಂಟ್ ಸಾಲನ್ನು ನೋಡಿ. ಅಕ್ಷರವನ್ನು ಚಿತ್ರದ ಅನುಪಾತದಲ್ಲಿ ಹಿಗ್ಗಿಸು ಎಂದಿರಬೇಕು, ಹಿಗ್ಗಿಸಬೇಡ ಎಂದಲ್ಲ. ಮುದ್ರಣದಲ್ಲಿ 8 ಪಾಯಿಂಟ್ ಅಕ್ಷರ ಬೇಕಿದ್ದರೆ 300 ಡಿಪಿಐನಲ್ಲಿ ಅದು ಸುಮಾರು 33 ಪಿಕ್ಸೆಲ್. ಫೈಲ್ ತೆರೆದು ಅಂಕಿಗಳನ್ನು ಅಳೆದು ನೋಡಿದರೆ ಊಹೆಯ ಅಗತ್ಯವಿಲ್ಲ.

ಚಿತ್ರದ ಎಡಬಲ ಕತ್ತರಿಸಿ ಹೋಗುವುದಕ್ಕೂ ನಿಶ್ಚಿತ ಕಾರಣವಿದೆ. ಪ್ಯಾರಾವ್ಯೂ ಕ್ಯಾಮೆರಾ ತನ್ನ ನೋಟವನ್ನು ಎತ್ತರದ ದಿಕ್ಕಿನಲ್ಲಿ ಅಳೆಯುತ್ತದೆ, ನೋಟದ ಕೋನ ಮೊದಲಿಗೆ 30 ಡಿಗ್ರಿ. ಕಿಟಕಿ ಅಗಲವಾಗಿದ್ದು ನೀವು ಚೌಕ ಚಿತ್ರ ಕೇಳಿದರೆ ಮೇಲು ಕೆಳಗು ಹಾಗೆಯೇ ಉಳಿದು ಅಕ್ಕಪಕ್ಕ ತುಂಡಾಗುತ್ತದೆ. ‘ವ್ಯೂ’ ಪಟ್ಟಿಯ ‘ಪ್ರಿವ್ಯೂ’ ಆರಿಸಿ ಬೇಕಾದ ಅಳತೆ ಕೊಟ್ಟರೆ ಕಿಟಕಿಯೇ ಆ ಅನುಪಾತಕ್ಕೆ ಬರುತ್ತದೆ. ಅದರಲ್ಲಿ ಕ್ಯಾಮೆರಾವನ್ನೂ ಬಣ್ಣಪಟ್ಟಿಯನ್ನೂ ಹೊಂದಿಸಿ ಉಳಿಸಿ. ಈ ಒಂದು ಅಭ್ಯಾಸ ಅರ್ಧದಷ್ಟು ತಕರಾರುಗಳನ್ನು ಹುಟ್ಟುವ ಮೊದಲೇ ತೀರಿಸುತ್ತದೆ.

ಬಣ್ಣ ಪಟ್ಟಿಗೆ ಹೊಂದುವುದಿಲ್ಲ

ಬಾಗಿದ ಮೇಲ್ಮೈಯ ಮೇಲಿನ ಕೆಂಪನ್ನು ಬಣ್ಣಪಟ್ಟಿಯ ಕೆಂಪಿನ ಜೊತೆ ಹೋಲಿಸಿದರೆ ಒಂದೇ ಆಗಿರುವುದಿಲ್ಲ. ಬೆಳಕಿನ ನೆರಳು ಅದರ ಮೇಲೆ ಬಿದ್ದಿದೆ. ಆಕಾರ ತೋರಿಸಬೇಕಾದಾಗ ಬೆಳಕು ಬೇಕು, ಮೌಲ್ಯ ಓದಿಸಬೇಕಾದಾಗ ಬೇಡ. ‘ಆ್ಯಂಬಿಯೆಂಟ್’ 1 ಮಾಡಿ ‘ಡಿಫ್ಯೂಸ್’ ಮತ್ತು ‘ಸ್ಪೆಕ್ಯುಲರ್’ ಸೊನ್ನೆ ಮಾಡಿದರೆ ಶುದ್ಧ ಬಣ್ಣ ಉಳಿಯುತ್ತದೆ.

ಪ್ರಬಂಧವನ್ನು ಜೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪಿನಲ್ಲಿ ಮುದ್ರಿಸುವುದು ನಮ್ಮಲ್ಲಿ ಮಾಮೂಲು. ನೀಲಿಯಿಂದ ಬಿಳಿಯ ಮೂಲಕ ಕೆಂಪಿಗೆ ಹೋಗುವ ‘ಕೂಲ್ ಟು ವಾರ್ಮ್’ ಬಣ್ಣದ ನಕ್ಷೆಯ ಎರಡೂ ತುದಿಗಳು ಒಂದೇ ಮಟ್ಟದ ಬೂದು ಆಗುತ್ತವೆ. ಅತಿ ಹೆಚ್ಚು ಯಾವುದು, ಅತಿ ಕಡಿಮೆ ಯಾವುದು ಎಂದು ಯಾರಿಗೂ ತಿಳಿಯದು. ಕಪ್ಪುಬಿಳುಪಿಗೆ ಹೋಗುವ ಪ್ರತಿಯಿದ್ದರೆ ‘ವಿರಿಡಿಸ್’ನಂತೆ ಕಡುವಿನಿಂದ ತಿಳಿಗೆ ಒಂದೇ ದಿಕ್ಕಿನಲ್ಲಿ ಏರುವ ನಕ್ಷೆ ಬಳಸಿ.

ಪಿಡಿಎಫ್ ಬೇಕೆಂದಾಗ

ವೆಕ್ಟರ್ ಪಿಡಿಎಫ್, ಅಂದರೆ ಪಿಕ್ಸೆಲ್ ಬದಲು ಗೆರೆ ಆಕಾರಗಳಾಗಿ ಬರೆದದ್ದು, ‘ಸೇವ್ ಸ್ಕ್ರೀನ್‌ಶಾಟ್’ನಲ್ಲಿ ಸಿಗುವುದಿಲ್ಲ, ‘ಎಕ್ಸ್‌ಪೋರ್ಟ್ ಸೀನ್’ನಲ್ಲಿ ಇದೆ. ಅಲ್ಲಿ ಮೂರು ಆಯಾಮದ ಆಕೃತಿಯನ್ನು ಪಿಕ್ಸೆಲ್ ಆಗಿಸು ಎಂಬ ಗುರುತು ಇರುತ್ತದೆ, ಅದನ್ನು ತೆಗೆಯಬೇಡಿ. ತೆಗೆದರೆ ಪ್ರತಿ ತ್ರಿಕೋನವೂ ಬೇರೆ ಬೇರೆಯಾಗಿ ಫೈಲ್‌ಗೆ ಇಳಿಯುತ್ತದೆ. ಲಕ್ಷಗಟ್ಟಲೆ ಸೆಲ್ ಇರುವ ಮಾದರಿಯಲ್ಲಿ ಪಿಡಿಎಫ್ ತೆರೆಯುವುದೇ ಕಷ್ಟ, ತೆರೆದರೂ ತ್ರಿಕೋನಗಳ ನಡುವೆ ಕೂದಲೆಳೆಯಂಥ ಬಿಳಿ ಗೆರೆಗಳು ಕಾಣುತ್ತವೆ. ಆ ಗೆರೆಗಳು ನಿಮ್ಮ ಮೆಶ್‌ನ ಬಿರುಕುಗಳಲ್ಲ, ಪಿಡಿಎಫ್ ವೀಕ್ಷಕ ಅಂಚುಗಳನ್ನು ನಯಗೊಳಿಸುವಾಗ ಉಳಿಸುವ ಸಂದು. ಗುರುತು ಇದ್ದರೆ ಆಕೃತಿ ಪಿಕ್ಸೆಲ್ ಆಗಿ, ಅಕ್ಷರ ಮಾತ್ರ ವೆಕ್ಟರ್ ಆಗಿ ಬರುತ್ತದೆ. ಅದು ಸಾಕು.

ಗೆರೆ ನಕ್ಷೆಗಳು ಮತ್ತು ಕನ್ನಡ ಅಕ್ಷರಗಳು

ಕ್ಯಾವಿಟಿಯ ನಡುಗೆರೆಯ ವೇಗವನ್ನು ಅಂಕಿಗಳಾಗಿ ತೆಗೆದು ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಬಿಡಿಸುವುದು ಒಳ್ಳೆಯ ರೂಢಿ. ಅಲ್ಲಿ ಖಾಲಿ ಬಿಳಿ ಚಿತ್ರ ಉಳಿದರೆ, ತೋರಿಸುವ ‘ಶೋ’ ಆಜ್ಞೆ ಉಳಿಸುವ ‘ಸೇವ್‌ಫಿಗ್’ಗಿಂತ ಮೊದಲು ಬಂದಿದೆ. ನೀವು ಕಿಟಕಿ ಮುಚ್ಚಿದಾಗ ಆ ಗ್ರಾಫ್ ಹೋಯಿತು, ಉಳಿದದ್ದು ಹೊಸ ಖಾಲಿ ಹಾಳೆ. ಸಾಲುಗಳ ಕ್ರಮ ಬದಲಿಸಿ. ಏನೂ ಹೇಳದಿದ್ದರೆ ಅದು 6.4 × 4.8 ಇಂಚನ್ನು 100 ಡಿಪಿಐನಲ್ಲಿ, ಅಂದರೆ 640 × 480 ಪಿಕ್ಸೆಲ್‌ನಲ್ಲಿ ಉಳಿಸುತ್ತದೆ. ಇಂಚು ಮತ್ತು ಡಿಪಿಐ ಎರಡನ್ನೂ ನೀವೇ ಕೊಡಿ. ಪತ್ರಿಕೆ ‘ಟೈಪ್ 3’ ಫಾಂಟ್ ಬೇಡವೆಂದು ಪಿಡಿಎಫ್ ಹಿಂದಿರುಗಿಸಿದರೆ ಪಿಡಿಎಫ್ ಫಾಂಟ್ ಬಗೆಯನ್ನು 42 ಎಂದು ಬದಲಿಸಿ.

ಅಕ್ಷಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಬೇರೆಯದೇ ತೊಡಕು. ಬರೀ ಖಾಲಿ ಡಬ್ಬಿಗಳು ಕಂಡರೆ ಆಯ್ದ ಫಾಂಟ್‌ನಲ್ಲಿ ಕನ್ನಡವಿಲ್ಲ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟ್ ಕೊಟ್ಟರೆ ಡಬ್ಬಿ ಹೋಗುತ್ತದೆ. ಆಮೇಲೆ ‘ಒತ್ತಡ’ ಎಂದು ಬರೆದದ್ದು ‘ಒತ್‌ತಡ’ ಎಂದು ಬಿಡಿಯಾಗಿ ಕಾಣಬಹುದು, ಕೊಂಬು ಗುಣಿತಗಳು ಅಕ್ಷರದಿಂದ ದೂರ ನಿಲ್ಲಬಹುದು. ಫಾಂಟ್ ಬದಲಿಸುತ್ತಾ ಕೂರಬೇಡಿ, ತಪ್ಪು ಫಾಂಟ್‌ನದಲ್ಲ. ಒತ್ತಕ್ಷರ ಕೂಡಿಸುವ ಕೆಲಸವನ್ನು ಚಿತ್ರ ಬಿಡಿಸುವ ತಂತ್ರಾಂಶ ಮಾಡಬೇಕು, ಅದು ಮಾಡಿಲ್ಲ.

ಇದಕ್ಕೆ ಸಲೀಸಾದ ದಾರಿ ಎಸ್‌ವಿಜಿ ಎಂಬ ವೆಕ್ಟರ್ ಚಿತ್ರದ ಫೈಲ್. ಮ್ಯಾಟ್‌ಪ್ಲಾಟ್‌ಲಿಬ್ ಸಾಮಾನ್ಯವಾಗಿ ಎಸ್‌ವಿಜಿಯಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಬರೆದುಬಿಡುತ್ತದೆ. ಅದರ ಎಸ್‌ವಿಜಿ ಫಾಂಟ್ ಬಗೆಯನ್ನು ‘ನನ್’ ಎಂದಿಟ್ಟರೆ ಅಕ್ಷರಗಳು ಪಠ್ಯವಾಗಿಯೇ ಫೈಲ್‌ಗೆ ಹೋಗುತ್ತವೆ. ಆ ಫೈಲನ್ನು ಬ್ರೌಸರ್ ಅಥವಾ ವೆಕ್ಟರ್ ಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ತೆರೆದಾಗ ಕನ್ನಡವನ್ನು ಕೂಡಿಸುವ ಹೊಣೆ ಅವುಗಳದ್ದು, ಅವಕ್ಕೆ ಆ ವಿದ್ಯೆ ಗೊತ್ತಿದೆ. ಇಂಕ್‌ಸ್ಕೇಪ್‌ನಿಂದ ಪಿಡಿಎಫ್ ಮಾಡಿಕೊಳ್ಳಿ. ಪ್ಯಾರಾವ್ಯೂ ಚಿತ್ರಗಳಿಗೂ ಇದನ್ನೇ ಸೂಚಿಸುತ್ತೇನೆ: ಬಣ್ಣಪಟ್ಟಿಯ ಶೀರ್ಷಿಕೆ ಖಾಲಿ ಬಿಟ್ಟು, ಪಿಎನ್‌ಜಿಯನ್ನು ಇಂಕ್‌ಸ್ಕೇಪ್‌ಗೆ ತಂದು, ಕನ್ನಡದ ಹೆಸರನ್ನು ಅಲ್ಲಿ ಬರೆಯಿರಿ.

ವಿಡಿಯೋ ಆಗದ ಸರಣಿ

ನೇರವಾಗಿ ವಿಡಿಯೋ ಉಳಿಸುವುದಕ್ಕಿಂತ ಮೊದಲು ಪಿಎನ್‌ಜಿ ಸರಣಿ ಉಳಿಸಿ, ಆಮೇಲೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದಿಂದ ಜೋಡಿಸುವುದು ಲೇಸು. ನಡುವೆ ಯಂತ್ರ ನಿಂತರೂ ಆವರೆಗಿನ ಚಿತ್ರಗಳು ಉಳಿದಿರುತ್ತವೆ. ಜೋಡಿಸುವಾಗ ಎತ್ತರ ಅಥವಾ ಅಗಲ 2ರಿಂದ ಭಾಗವಾಗುವುದಿಲ್ಲ ಎಂಬ ದೂರು ಬಂದರೆ, ನಿಮ್ಮ ಚಿತ್ರದ ಅಳತೆ ಬೆಸ ಸಂಖ್ಯೆ. ಕಿಟಕಿಯನ್ನು ಮೌಸ್‌ನಿಂದ ಎಳೆದು ಬಿಟ್ಟ ಗಾತ್ರದಲ್ಲಿ 1187 × 763ರಂಥ ಅಂಕಿಗಳು ಬರುತ್ತವೆ, ಎಚ್.264 ಎಂಬ ವಿಡಿಯೋ ವಿಧಾನ ಅವನ್ನು ಒಪ್ಪುವುದಿಲ್ಲ. ವಿಡಿಯೋ ನಿಮ್ಮಲ್ಲಿ ಓಡಿ ಬೇರೆಯವರ ಫೋನ್‌ನಲ್ಲಿ ಓಡದಿದ್ದರೆ ಪಿಕ್ಸೆಲ್ ಬಗೆಯನ್ನು ‘ವೈಯುವಿ 420ಪಿ’ ಎಂದು ಕೊಟ್ಟು ಮತ್ತೆ ಜೋಡಿಸಿ.

ಇನ್ನೂ ಬಗೆಹರಿಯದಿದ್ದರೆ

ಸಹಾಯ ಕೇಳುವಾಗ ಕೆಟ್ಟ ಚಿತ್ರದ ಫೋನ್ ಫೋಟೋ ಕಳುಹಿಸಬೇಡಿ. ಮೂಲ ಫೈಲ್, ‘ಅಬೌಟ್’ ಪುಟದ ಓಪನ್‌ಜಿಎಲ್ ಸಾಲುಗಳು, ಪ್ಯಾರಾವ್ಯೂ ಆವೃತ್ತಿ, ಕ್ಯಾವಿಟಿಯಲ್ಲಿ ಅದೇ ದೋಷ ಬಂತೇ ಇಲ್ಲವೇ ಎಂಬ ಒಂದು ಸಾಲು, ಮತ್ತು ‘ಸೇವ್ ಸ್ಟೇಟ್’ನಿಂದ ಬಂದ, ದೃಶ್ಯದ ಸೆಟ್ಟಿಂಗ್‌ಗಳೆಲ್ಲ ಇರುವ ಸ್ಟೇಟ್ ಫೈಲ್ ಕಳುಹಿಸಿ. ಹೊಸ ಆವೃತ್ತಿಗಳಲ್ಲಿ ಪಿಎನ್‌ಜಿಯ ಒಳಗೇ ಸ್ಟೇಟ್ ಅಡಗಿಸಿಡುವ ಸೌಲಭ್ಯವಿದೆ. ಆಗ ಚಿತ್ರ ಮತ್ತು ಅದನ್ನು ಬಿಡಿಸಿದ ವಿಧಾನ ಒಂದೇ ಫೈಲ್‌ನಲ್ಲಿರುತ್ತವೆ, ಆರು ತಿಂಗಳ ನಂತರ ಪರೀಕ್ಷಕರು ತಿದ್ದುಪಡಿ ಕೇಳಿದಾಗ ಆ ದೃಶ್ಯವನ್ನು ಹಾಗೆಯೇ ಮತ್ತೆ ತೆರೆಯಬಹುದು. ಆದರೆ ಸ್ಟೇಟ್‌ನಲ್ಲಿ ನಿಮ್ಮ ಯಂತ್ರದ ಫೋಲ್ಡರ್ ದಾರಿ, ಬಳಕೆದಾರ ಹೆಸರು ಎಲ್ಲವೂ ಇರುತ್ತವೆ. ಪ್ರಕಟಣೆಗೆ ಕಳುಹಿಸುವ ಪ್ರತಿಯನ್ನು ಸ್ಟೇಟ್ ಅಡಗಿಸುವ ಗುರುತು ತೆಗೆದು ಉಳಿಸಿ.